ಸೋಯಾ ಇಲ್ಲದ ಡಬ್ಬಿ

ಅಕ್ಷಯ ತೀರಿಹೋಗಿ ಎಂಟು ತಿಂಗಳಾಗಿತ್ತು. ಅವನ ಊಟದ ಡಬ್ಬಿ ಮಾತ್ರ ಈಗ ಮತ್ತೆ ಬೆಳಿಗ್ಗೆ ಹತ್ತಕ್ಕೆ ಮನೆ ಬಿಡುತ್ತಿತ್ತು, ಸಂಜೆ ಖಾಲಿಯಾಗಿ ವಾಪಸು ಬರುತ್ತಿತ್ತು.

ಅಕ್ಷಯನ ಅಪ್ಪ ಮೋನಪ್ಪನಿಗೆ ಇದು ಗೊತ್ತಾದದ್ದು ಜ್ವರವೆಂದು ರಜೆ ಹಾಕಿದ ಒಂದು ಸೋಮವಾರ. ಅವನು ಮಲಾಡಿನ ಉಡುಪಿ ಹೋಟೆಲೊಂದರಲ್ಲಿ ಸೂಪರ್‌ವೈಸರ್. ಬೆಳಿಗ್ಗೆ ಆರಕ್ಕೆ ಹೋದರೆ ಮನೆಯಲ್ಲಿ ಹಗಲು ಹೇಗಿರುತ್ತದೆಂದು ತಿಳಿಯುವ ಪ್ರಶ್ನೆಯೇ ಇಲ್ಲ. ಅವತ್ತು ಮಲಗಿದ್ದಲ್ಲಿಂದಲೇ ನೋಡಿದ. ಡಬ್ಬಾವಾಲಾ ಶಶಿಕಾಂತ ಬಾಗಿಲಿಗೆ ಬಂದ, ವಿನೋದಿನಿ ಡಬ್ಬಿ ಕೊಟ್ಟಳು. ಮಗನಿದ್ದಾಗ ಕೊಡುತ್ತಿದ್ದ ಹಾಗೆಯೇ ಕೊಟ್ಟಳು.

"ಅದು ಯಾರಿಗೆ?" ಎಂದ ಮೋನಪ್ಪ.

"ಬೇಕಾದವರಿಗೆ" ಎಂದಳು ಹೆಂಡತಿ.

ಇನ್ನೊಂದು ಪ್ರಶ್ನೆ ಕೇಳುವ ತ್ರಾಣ ಆ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ. ಬೈಕು ಜಾರಿ ಬಿದ್ದ ಮಗ ಮೂರು ದಿನ ವೆಂಟಿಲೇಟರಿನಲ್ಲಿದ್ದ. ಕೊನೆಯ ದಿನ ಡಾಕ್ಟರರು ಕೇಳಿದ್ದಕ್ಕೆಲ್ಲ ಇಬ್ಬರೂ ಹೂಂ ಅಂದಿದ್ದರು, ತೋರಿಸಿದಲ್ಲಿ ಸಹಿ ಹಾಕಿದ್ದರು. ಆಮೇಲೆ ಆ ಮಾತು ಬರಲಿಲ್ಲ. ಅಳುವೂ ಬರಲಿಲ್ಲ. ಉತ್ತರಕ್ರಿಯೆ ಮುಗಿದ ಮರುದಿನವೇ ಮೋನಪ್ಪ ಕೆಲಸಕ್ಕೆ ಹೋದ. ವಿನೋದಿನಿ ತಿಂಗಳುಗಟ್ಟಲೆ ಒಲೆ ಹಚ್ಚಲಿಲ್ಲ. ಹೋಟೆಲಿನ ಪಾರ್ಸೆಲ್ ಬಿಚ್ಚಿ ಇಬ್ಬರೂ ಗೋಡೆ ನೋಡುತ್ತ ಉಣ್ಣುತ್ತಿದ್ದರು. ನಡುವೆ ಒಮ್ಮೆ ಆಸ್ಪತ್ರೆಯವರು ಫೋನ್ ಮಾಡಿ, ನಿಮ್ಮ ಮಗನಿಗೆ ಯಾವುದಾದರೂ ತಿನಿಸು ಆಗುತ್ತಿರಲಿಲ್ಲವೇ ಎಂದು ವಿನೋದಿನಿಯನ್ನು ಕೇಳಿದ್ದರು. ಸತ್ತ ಮೇಲೆ ಇವರಿಗೆ ಫೈಲು ತುಂಬಿಸುವ ಆತುರ ಎಂದು ಮೋನಪ್ಪ ಬೈದಿದ್ದ.

ಆಗುತ್ತಿರಲಿಲ್ಲ, ಸೋಯಾ ಆಗುತ್ತಿರಲಿಲ್ಲ. ಎರಡು ವರ್ಷದ ಮಗುವಿಗೆ ಗಂಟಲು ಬಾತು ಉಸಿರು ನಿಲ್ಲುವುದರಲ್ಲಿತ್ತು. ಅಂದಿನಿಂದ ಇಪ್ಪತ್ತೆರಡು ವರ್ಷ ವಿನೋದಿನಿ ಅದನ್ನು ಮನೆಗೆ ಬಿಟ್ಟುಕೊಂಡಿರಲಿಲ್ಲ. ಅದೇನು ಸಣ್ಣ ಕೆಲಸವಲ್ಲ. ಈ ಸೋಯಾ ಕರೆಯದೆ ಬರುವ ನೆಂಟ. ಬ್ರೆಡ್ಡಿನಲ್ಲಿ ಇರುತ್ತದೆ, ಬಿಸ್ಕತ್ತಿನಲ್ಲಿ ಇರುತ್ತದೆ, ಪ್ಯಾಕೆಟ್ ಹಿಟ್ಟಿನಲ್ಲಿ, ರಿಫೈನ್ಡ್ ಎಣ್ಣೆಯಲ್ಲಿ, ಎಲ್ಲದರಲ್ಲೂ ನುಸುಳಿರುತ್ತದೆ.

ಮಂಗಳವಾರವೂ ಮೋನಪ್ಪ ಕೆಲಸಕ್ಕೆ ಹೋಗಲಿಲ್ಲ. ಕಂಬಳಿಯೊಳಗಿಂದ ಹೆಂಡತಿಯನ್ನು ನೋಡುತ್ತಿದ್ದ. ಅವಳು ಬೇಗನೆ ಗಿರಣಿಗೆ ಹೋಗಿ, ಬೇರೆಯವರ ಸೋಯಾ ಬೆರೆತ ಗೋಧಿ ಬೀಳುವ ಮೊದಲೇ ತನ್ನದನ್ನು ಬೀಸಿಸಿಕೊಂಡು ಬಂದಳು. ಒಗ್ಗರಣೆಗೆ ತೆಂಗಿನೆಣ್ಣೆ ಹಾಕಿದಳು. ಪುಲಾವಿಗೆ ಸೋಯಾ ಉಂಡೆಯ ಬದಲು ನೆನೆಸಿದ ಕಡಲೆ, ಬ್ರೆಡ್ಡಿನ ಬದಲು ನೀರುದೋಸೆ. ಹುಣಸೆರಸಕ್ಕೆ ಬೆಲ್ಲ, ಉಪ್ಪು ಹಾಕಿ ಕಪ್ಪಗಾಗುವವರೆಗೆ ಕುದಿಸಿದಳು. ಸೋಯಾ ಸಾಸಿಗೆ ಬದಲಾಗಿ ಅಕ್ಷಯನ ನೂಡಲ್ಸಿಗೆ ಹಾಕುತ್ತಿದ್ದದ್ದು ಅದನ್ನೇ. ಕೈ ಎಲ್ಲಿಯೂ ತಡವರಿಸಲಿಲ್ಲ. ಮುಖದಲ್ಲಿ ಏನೂ ಇರಲಿಲ್ಲ.

ಮೋನಪ್ಪನಿಗೆ ಎಂಟು ತಿಂಗಳಲ್ಲಿ ಮೊದಲ ಸಲ ಭಯವಾಯಿತು. ಮಗ ಹೋದ, ಇವಳ ತಲೆಯೂ ಹೋದರೆ ತನಗೆ ಯಾರಿದ್ದಾರೆ?

ಬಾಂದ್ರಾದ ಆಫೀಸಿನಲ್ಲಿ ಅಕ್ಷಯನ ಗೆಳೆಯರು ಯಾರೋ ಮುಲಾಜಿಗೆ ಉಣ್ಣುತ್ತಿರಬೇಕು ಎಂದುಕೊಂಡ. ಅದನ್ನು ನಿಲ್ಲಿಸಲು ಮೆಟ್ಟಿಲಲ್ಲಿ ಶಶಿಕಾಂತನನ್ನು ತಡೆದ. ಡಬ್ಬಿ ಬಾಂದ್ರಾಕ್ಕೆ ಹೋಗುವುದೇ ಇಲ್ಲ, ವಿನೋದಿನಿ ವಹಿನಿಯೇ ಬೇರೆ ವಿಳಾಸ ಕೊಟ್ಟಿದ್ದಾರೆ, ಎರಡು ತಿಂಗಳಿಂದ ಆಂಟಾಪ್ ಹಿಲ್‌ಗೆ ಹೋಗುತ್ತಿದೆ ಎಂದ ಶಶಿಕಾಂತ.

ಆಂಟಾಪ್ ಹಿಲ್‌ನಲ್ಲಿ ಅವರಿಗೆ ಗುರುತಿನವರೊಬ್ಬರೂ ಇರಲಿಲ್ಲ. ಸತ್ತವರ ಜೊತೆ ಮಾತಾಡಿಸುತ್ತೇವೆ, ಅವರಿಗೆ ಊಟ ತಲುಪಿಸುತ್ತೇವೆ ಎನ್ನುವ ಜನ ಈ ಊರಿನಲ್ಲಿ ಕಡಿಮೆಯೇನಿಲ್ಲ. ಅಂಥವರೇ ಇವಳಿಗೆ ಗಂಟುಬಿದ್ದಿದ್ದಾರೆ ಎಂದು ಮೋನಪ್ಪ ತೀರ್ಮಾನಿಸಿದ. ಬುಧವಾರ ಜ್ವರದಲ್ಲೇ ಲೋಕಲ್ ಹತ್ತಿ, ವಡಾಳಾದಲ್ಲಿ ಇಳಿದು, ವಿಳಾಸ ಹುಡುಕಿಕೊಂಡು ಹೋದ.

ಅದೊಂದು ಹೊಲಿಗೆಯ ಕೋಣೆ. ಬಾಬಾ ಇರಲಿಲ್ಲ, ಊದುಬತ್ತಿ ಇರಲಿಲ್ಲ. ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡ, ಇಪ್ಪತ್ತೆರಡರ ಆಸುಪಾಸಿನ ಹುಡುಗಿಯೊಬ್ಬಳು ಮಷೀನಿನ ಪಕ್ಕ ಕೂತು ಅಕ್ಷಯನ ಡಬ್ಬಿಯಿಂದ ನೀರುದೋಸೆ ತಿನ್ನುತ್ತಿದ್ದಳು.

"ಈ ಡಬ್ಬಿ ಯಾರದ್ದು ಅಂತ ಗೊತ್ತುಂಟಾ ನಿನಗೆ?"

ಸಿಟ್ಟಿನಲ್ಲಿ ಮೋನಪ್ಪನ ಬಾಯಿಗೆ ಬಂದದ್ದು ಕನ್ನಡವೇ. ಹುಡುಗಿ ಎದ್ದು ನಿಂತು ಬಯಲುಸೀಮೆಯ ಕನ್ನಡದಲ್ಲೇ ಹೇಳಿದಳು. "ವಿನೋದಿನಿ ಆಂಟಿದು ಅಂಕಲ್. ನೀವು ಅವರ ಮನಿಯವರೇನ್ರಿ? ನಾನು ಗುಲಾಫಶಾ."

"ಅವಳ ಹತ್ತಿರ ಎಂತ ಹೇಳಿ ಮರುಳು ಮಾಡಿದ್ದು ನೀನು?"

"ನಾನೇನೂ ಹೇಳಿಲ್ರಿ. ಅವರನ್ನ ನೋಡೇ ಇಲ್ಲ. ಆಸ್ಪತ್ರೆ ಸಿಸ್ಟರ್ ನಂಬರ್ ಕೊಟ್ರು, ಸೋಯಾ ಇಲ್ದಂಗ ಅಡಗಿ ಮಾಡ್ತಾರ ಅಂತ. ನನಗ ಸೋಯಾ ಬಿಲ್ಕುಲ್ ನಡ್ಯಂಗಿಲ್ಲ. ಅಮ್ಮೀಗೆ ಯಾವುದರಾಗ ಏನಿರ್ತದ ತಿಳ್ಯಂಗಿಲ್ಲ. ಎರಡ್ ಸಲ ಐಸಿಯುಗೆ ಹೋಗಿ ಬಂದೀನಿ."

ಮೋನಪ್ಪನ ಸಿಟ್ಟು ಇಳಿಯಿತು. ಬಟ್ಟೆಗಂಟಿನ ಮೇಲೆ ಕುಳಿತ. ಹೆಂಡತಿಯ ತಲೆ ನೆಟ್ಟಗಿದೆ, ಅಷ್ಟು ಸಾಕಿತ್ತು ಅವನಿಗೆ. ಸಿಸ್ಟರ್ ಯಾರಿಗೋ ಉಪಕಾರ ಮಾಡಲು ಹೇಳಿದ್ದಾರೆ, ಇವಳು ಮಾಡುತ್ತಿದ್ದಾಳೆ. ಈ ಕಷ್ಟ ಅವನಿಗೂ ಗೊತ್ತಿದ್ದದ್ದೇ.

"ತಿನ್ನು, ತಣ್ಣಗಾಗ್ತದೆ" ಎಂದ. ಅವಳು ಕುಳಿತಳು. ಹೋಟೆಲಿನಲ್ಲಿ ಏನು ತಿನ್ನಬಹುದು, ಏನು ಮುಟ್ಟಬಾರದು ಎಂದು ಅವನು ಹೇಳಿದ, ಅವಳು ತಲೆಯಾಡಿಸಿದಳು. ಮನೆಯಲ್ಲಿ ಎಂಟು ತಿಂಗಳಲ್ಲಿ ಅವನು ಇಷ್ಟು ಮಾತಾಡಿರಲಿಲ್ಲ.

"ಸಣ್ಣದಿರುವಾಗಿಂದಲೇ ಉಂಟಾ ನಿನಗೆ ಇದು?" ಎಂದು ಕೊನೆಗೆ ಕೇಳಿದ.

"ಇಲ್ಲ ಅಂಕಲ್, ಮೊದಲ ಎಲ್ಲಾ ತಿಂತಿದ್ದೆ" ಎಂದಳು ಗುಲಾಫಶಾ, ತುತ್ತು ನುಂಗಿ. "ಎಂಟು ತಿಂಗಳ ಹಿಂದ ನನಗ ಬ್ಯಾರೆ ಲಿವರ್ ಹಾಕಿದ್ರು. ಡಾಕ್ಟರ್ ಅಂತಾರ, ಈ ಅಲರ್ಜಿ ನಂದಲ್ಲಂತ, ಲಿವರ್ ಕೊಟ್ಟ ಹುಡುಗಂದಂತ."