ಹೆಣಿಗೆ ಸಂಘದ ಹನ್ನೆರಡು ಹೆಂಗಸರು

“ಎದೆ ಸುತ್ತಳತೆ ಗೊತ್ತಿಲ್ದೆ ಹೇಗೆ ಮೇಡಂ ಹೆಣೆಯೋದು?” ಎಂದಳು ಉಣ್ಣೆಯಕ್ಕ. “ಒಂಬತ್ತು ವರ್ಷ ಅಂದ್ರೆ ಒಬ್ಬ ಕಡ್ಡಿ ಇರ್ತಾನೆ, ಇನ್ನೊಬ್ಬ ಡ್ರಮ್ಮು. ನಿಮ್ಮ ಮೊಮ್ಮಗ ಯಾವುದು?”

ಟೈಪಿಸ್ಟ್ ಮೇಡಂ ಮೇಜಿನ ಮೇಲಿದ್ದ ನೀಲಿ ಸ್ವೆಟರನ್ನು ಸವರುತ್ತಾ ನಿಂತರು. “ಕಡ್ಡಿ,” ಎಂದರು ಕೊನೆಗೆ.

“ಒಂದ್ಸಲ ಕರ್ಕೊಂಡು ಬನ್ನಿ. ನಾನೇ ಅಳತೆ ತಗೋತೀನಿ.”

“ಪರೀಕ್ಷೆ ನಡೀತಿದೆ.”

ಹೋದ ತಿಂಗಳೂ ಪರೀಕ್ಷೆಯೇ ನಡೆದಿತ್ತು. ಉಣ್ಣೆಯಕ್ಕ ಆ ಮಾತೆತ್ತಲಿಲ್ಲ. ಟೇಪನ್ನು ಸುತ್ತಿ ಪಕ್ಕಕ್ಕಿಟ್ಟಳು.

ತಿಂಗಳ ಮೊದಲ ಶನಿವಾರ ಕಾಲೇಜಿನ ಗ್ರಂಥಾಲಯದ ಮುಂದೆ ಕೈಕೆಲಸದ ಬಜಾರ್ ಸೇರುತ್ತಿತ್ತು. ಮಾಡಿದವರೇ ಮಾರಬೇಕು, ನಡುವೆ ದಲ್ಲಾಳಿ ಇರಬಾರದು ಎಂಬುದು ಅದನ್ನು ನಡೆಸುವ ವಿದ್ಯಾರ್ಥಿಗಳ ನಿಯಮ. ಕುಂಬಾರರು ಬರುತ್ತಿದ್ದರು, ಬುಟ್ಟಿ ಹೆಣೆಯುವವರು ಬರುತ್ತಿದ್ದರು. ಅದೇ ಕಾಲೇಜಿನ ಕಚೇರಿಯಲ್ಲಿ ಮೂವತ್ತೊಂದು ವರ್ಷ ಟೈಪ್ ಮಾಡಿ ನಿವೃತ್ತರಾದ ಮೇಡಂ ಎಲ್ಲರನ್ನೂ ದಾಟಿ ಕೊನೆಯ ಮೇಜಿಗೆ ಹೋಗುತ್ತಿದ್ದರು. ಅಲ್ಲೊಂದು ಬಟ್ಟೆಯ ಫಲಕ: ಹನ್ನೆರಡು ಹೆಂಗಸರ ಹೆಣಿಗೆ ಸಂಘ.

ಮೊದಲ ದಿನ ಉಣ್ಣೆಯಕ್ಕ ಕೇಳಿದ್ದು ಒಂದೇ ಪ್ರಶ್ನೆ. “ಯಾರಿಗೆ?” ಮೊಮ್ಮಗನಿಗೆ ಎಂದಿದ್ದರು ಮೇಡಂ. ಮುಂದಿನ ತಿಂಗಳು ಸೊಸೆಗೆ, ಅದರ ಮುಂದಿನ ತಿಂಗಳು ಮಗನಿಗೆ. ಮಗನಿಗೆ ಕೊರಳು ಮುಚ್ಚಿದರೆ ಉಸಿರು ಕಟ್ಟಿದಂತಾಗುತ್ತದೆ, ಸೊಸೆಗೆ ಹಳದಿ ಕಂಡರಾಗದು ಎಂಬುದೆಲ್ಲ ಈಗ ಉಣ್ಣೆಯಕ್ಕನಿಗೆ ಬಾಯಿಪಾಠ.

ಹಾಗೆಯೇ ಮೇಡಂಗೆ ಸಂಘದ ಹೆಂಗಸರು. ಪ್ರತಿ ಸ್ವೆಟರಿಗೂ ಹೆಣೆದವಳ ಅಡ್ಡಹೆಸರಿನ ಚೀಟಿ ಇರುತ್ತಿತ್ತು.

“ಇದು ಸಿಡುಕಿದು. ನೋಡಿ, ಎಷ್ಟು ಬಿಗಿ. ಯಾರ ಮೇಲಿನ ಸಿಟ್ಟೋ, ಪಾಪ ಉಣ್ಣೆ ಮೇಲೆ ತೀರಿಸ್ಕೋತಾಳೆ. ಇದು ಗಡಿಬಿಡಿದು, ತೋಳು ಒಂದು ಉದ್ದ, ಒಂದು ಗಿಡ್ಡ. ಈ ಬಿಳೀದು ಅಳುಮುಂಜಿದು.”

“ಅವಳು ಚೆನ್ನಾಗೇ ಹೆಣೆದಿದಾಳಲ್ಲ.”

“ಅಳೋವಾಗ ಕೈ ಚೆನ್ನಾಗಿ ಓಡತ್ತೆ ಮೇಡಂ.”

“ಒಬ್ಬರಾದ್ರೂ ನಿಮ್ಮ ಜೊತೆ ಬರಬಾರದಾ? ಇಡೀ ದಿನ ಒಬ್ಬರೇ ಕೂತಿರ್ತೀರಿ.”

“ಗಡಿಬಿಡಿಗೆ ಹಲ್ಲುನೋವು. ಮಿಕ್ಕೋರು ಕೆಲಸ ಬಿಟ್ಟು ಬರೋ ಹಾಗಿಲ್ಲ.”

ಬೀಗ ತೆಗೆದು ಮನೆಯೊಳಗೆ ಬಂದ ಮೇಲೂ ಮೇಡಂ ಕಿವಿಯಲ್ಲಿ ಆ ಮಾತುಗಳೇ ಇರುತ್ತಿದ್ದವು. ಹನ್ನೆರಡು ಹೆಂಗಸರು, ಒಂದು ಕೋಣೆ. ಕೈಯೂ ನಿಲ್ಲದು, ಬಾಯಿಯೂ ನಿಲ್ಲದು. ಒಬ್ಬಳು ಸಿಡುಕಿದರೆ ಇನ್ನೊಬ್ಬಳು ನಗುತ್ತಾಳೆ. ಆ ಕೋಣೆಯಲ್ಲಿ ಹದಿಮೂರನೆಯವಳಿಗೆ ಜಾಗ ಇದ್ದೀತೆ? ಸುಮ್ಮನೆ ಉಣ್ಣೆ ಸುತ್ತಿಕೊಡುತ್ತಾ ಮೂಲೆಯಲ್ಲಿ ಕೂತರೂ ಆದೀತು.

ಮುಂದಿನ ಬಜಾರಿನಲ್ಲಿ ಕೊನೆಯ ಮೇಜು ಖಾಲಿ ಇತ್ತು.

“ಹೆಣಿಗೆ ಸಂಘದವರು ಫೋನೂ ಎತ್ತುತ್ತಿಲ್ಲ ಮೇಡಂ,” ಎಂದಳು ಉಸ್ತುವಾರಿಯ ವಿದ್ಯಾರ್ಥಿನಿ. ಅರ್ಜಿ ಹುಡುಕಿ ವಿಳಾಸ ಬರೆದುಕೊಟ್ಟಳು.

ಮಾರನೆಯ ದಿನ ಮಧ್ಯಾಹ್ನ ಮೇಡಂ ಎರಡು ಬಸ್ಸು ಬದಲಿಸಿ ಹೊರಟರು. ಬ್ಯಾಗಿನಲ್ಲಿ ಹನ್ನೆರಡು ಪೊಟ್ಟಣ ಬಿಸ್ಕತ್ತು. ದಾರಿಯುದ್ದಕ್ಕೂ ಒಂದೇ ಮಾತನ್ನು ತಿರುಗಿಸಿ ಮುರುಗಿಸಿ ಅಭ್ಯಾಸ ಮಾಡಿದರು. ಸಂಘಕ್ಕೆ ಸೇರಬೇಕೆಂದರೆ ಅದನ್ನು ಹೇಳಲೇಬೇಕಿತ್ತು. ದಿನಾ ಕೂಡಿ ಕೂರುವ ಹೆಂಗಸರ ಕಣ್ಣಿಗೆ ಎಷ್ಟು ದಿನ ಮಣ್ಣೆರಚಲಾದೀತು?

ಇಸ್ತ್ರಿ ಅಂಗಡಿಯ ಹಿಂದಿನ ಮೆಟ್ಟಿಲು. ಮೇಲೊಂದು ಬಾಗಿಲು, ಅರ್ಧ ತೆರೆದದ್ದು. ಒಳಗೆ ಉಣ್ಣೆಯಕ್ಕ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಪಾದಕ್ಕೆ ಪ್ಲಾಸ್ಟರ್. ಕೈಯಲ್ಲಿ ಕಡ್ಡಿಗಳು ನಡೆಯುತ್ತಲೇ ಇದ್ದವು. ಮೇಡಂ ಅವರನ್ನು ಕಂಡು ನಿಂತವು.

“ನೀವಾ? ಇಷ್ಟು ದೂರ?” ಆಕೆ ಸೆರಗಿನಿಂದ ಕುರ್ಚಿ ಒರೆಸಲು ಕೈ ಚಾಚಿದಳು, ಎಟುಕಲಿಲ್ಲ. “ಮೆಟ್ಟಿಲಲ್ಲಿ ಜಾರಿಬಿಟ್ಟೆ. ಕೂತ್ಕೊಳ್ಳಿ. ಮೊಮ್ಮಗನ ಅಳತೆ ತಂದ್ರಾ?”

ಮೇಡಂ ಕೂರಲಿಲ್ಲ. ಕೂತರೆ ಮಾತು ಹೊರಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

“ಮೊಮ್ಮಗ ಇಲ್ಲ,” ಎಂದರು. “ಮಗ ಇಲ್ಲ, ಸೊಸೆ ಇಲ್ಲ. ನಂಗೆ ಮದುವೇನೇ ಆಗಿಲ್ಲ. ಅವತ್ತು ಯಾರಿಗೆ ಅಂತ ಕೇಳಿದ್ರಿ. ಯಾರಿಗೂ ಇಲ್ಲ ಅನ್ನೋಕೆ ನಾಚಿಕೆ ಆಯ್ತು. ಒಂದು ಸುಳ್ಳು ಹೇಳಿದ್ಮೇಲೆ ಅದಕ್ಕೊಂದು ಅಪ್ಪ, ಒಂದು ಅಮ್ಮ ಬೇಕಲ್ಲ. ಏಳು ಸ್ವೆಟರೂ ನನ್ನ ಬೀರುವಿನಲ್ಲೇ ಇವೆ. ಒಂದೂ ನಂಗಾಗಲ್ಲ.”

ಉಣ್ಣೆಯಕ್ಕ ಕಡ್ಡಿಗಳನ್ನು ಮಡಿಲಲ್ಲಿಟ್ಟಳು. ಕೆಳಗಿನ ಅಂಗಡಿಯಲ್ಲಿ ಯಾರೋ ಬಟ್ಟೆಗೆ ನೀರು ಚಿಮುಕಿಸುತ್ತಿದ್ದುದು ಕೇಳುತ್ತಿತ್ತು.

“ಬೈಯೋದಿದ್ರೆ ಬೈದುಬಿಡಿ,” ಎಂದರು ಮೇಡಂ. “ಆದ್ರೆ ಒಂದು ಕೇಳ್ತೀನಿ. ನಂಗೆ ಹೆಣೆಯೋಕೆ ಬರಲ್ಲ, ಕಲೀತೀನಿ. ನಿಮ್ಮ ಸಂಘದಲ್ಲಿ ನನ್ನೂ ಕೂರಿಸ್ಕೋತೀರಾ? ಸಿಡುಕಿ ಪಕ್ಕದಲ್ಲಾದ್ರೂ ಸರಿ.”

ಉತ್ತರಕ್ಕೆ ಕಾಯಲು ಧೈರ್ಯ ಸಾಲದೆ ಅವರು ಬ್ಯಾಗಿನಿಂದ ಪೊಟ್ಟಣಗಳನ್ನು ಒಂದೊಂದಾಗಿ ತೆಗೆದು ಮಂಚದ ತುದಿಯಲ್ಲಿ ಜೋಡಿಸತೊಡಗಿದರು. “ಎಲ್ಲರಿಗೂ ತಂದಿದೀನಿ. ಎಲ್ಲಿ ಅವರು, ಊಟಕ್ಕೆ ಹೋಗಿದಾರಾ?”

ಉಣ್ಣೆಯಕ್ಕ ಮಂಚದ ಅಂಚಿಗೆ ಜರುಗಿ, ಆ ಕೋಣೆಯಲ್ಲಿದ್ದ ಒಂದೇ ಕುರ್ಚಿಯನ್ನು ಅವರ ಕಡೆಗೆ ಮೆಲ್ಲಗೆ ತಳ್ಳಿದಳು.

“ಕೂತ್ಕೊಳ್ಳಿ ಮೇಡಂ. ಅಷ್ಟೂ ಪೊಟ್ಟಣ ಇಲ್ಲೇ ಕೊಡಿ. ಆ ಹನ್ನೆರಡು ಜನಾನೂ ನಾನೇ.”