ಕೊರಳ ಕಿಂಡಿ

ಮಂಚಕ್ಕೆ ಕಟ್ಟಿದ್ದ ಕೈಪಟ್ಟಿಗಳು ಬಿಚ್ಚಿರಲಿಲ್ಲ. ಆದರೆ ಶರಣಯ್ಯನ ಎರಡೂ ಮಣಿಕಟ್ಟಿನ ಚರ್ಮ ಸುಲಿದುಹೋಗಿತ್ತು. ತುಟಿ ನೀಲಿಗಟ್ಟಿತ್ತು. ಡಾಕ್ಟರ್ ಶ್ರೀರಾಮುಲು ಅವನ ಕೊರಳಿನ ಕಿಂಡಿಯ ಹತ್ತಿರ ಕಿವಿ ಒಯ್ದ. ಒಳಗೆ ಸದ್ದಿರಲಿಲ್ಲ.

ಒದ್ದಾಡಿ ಸತ್ತಿದ್ದಾನೆ. ಯಾರೋ ಒತ್ತಿ ಹಿಡಿದಿದ್ದಾರೆ.

"ಇಲ್ಲಿಗೆ ಯಾರು ಬಂದಿದ್ದರು?" ಎಂದು ಕೇಳಿದ.

ಶರಣಯ್ಯನ ಹೆಂಡತಿ ವೀರಬಸಮ್ಮ ಆಗಲೇ ಗಂಡನ ಮುಖ, ಕೊರಳು ತೊಳೆದು ವಿಭೂತಿ ಹಚ್ಚಿದ್ದಳು. "ಸೋರಿ ಹೋತು, ನನ್ನ ಶಿವಾ, ಕಣ್ಣಮುಂದಽ ಸೋರಿ ಹೋತು" ಎಂದು ಗೋಡೆಗೆ ತಲೆ ಬಡಿದುಕೊಳ್ಳುತ್ತಿದ್ದಳು. ಗಂಡ ಸತ್ತವಳ ಅಳು. ಡಾಕ್ಟರ್ ಕಿವಿಗೊಡಲಿಲ್ಲ.

ಮಖ್ತಲ್‌ನ ಹಳೆಯ ಹತ್ತಿ ಗೋದಾಮೇ ಅವನ ದವಾಖಾನೆ. ಗಂಟಲಿನ ಹುಣ್ಣು ಕೈಮೀರಿದವರ ಧ್ವನಿಪೆಟ್ಟಿಗೆಯನ್ನೇ ಕೊಯ್ದು ತೆಗೆದು, ಉಸಿರಿಗೆ ಕೊರಳಿನಲ್ಲೇ ದಾರಿ ಮಾಡುವ ಶಸ್ತ್ರಕ್ರಿಯೆಯನ್ನು ಅವನು ಪ್ರಯೋಗಿಸಿ ನೋಡುತ್ತಿದ್ದ. ಮೊದಲಿನವರಲ್ಲಿ ಕೆಲವರು ಮೇಜಿನ ಮೇಲೆ ಸತ್ತರು, ಉಳಿದವರು ಜ್ವರದಲ್ಲಿ. ನಾರಾಯಣಪೇಟೆಯ ಮಗ್ಗದ ಮನೆಯ ಶರಣಯ್ಯ ಮಾತ್ರ ಎರಡನ್ನೂ ದಾಟಿದ್ದ. ಮಾತು ಹೋಗಿತ್ತು, ಜೀವ ಉಳಿದಿತ್ತು.

ಈಗ ಅದೂ ಹೋಯಿತು.

ಹೊರಗೆ ಪಡಸಾಲೆಯಲ್ಲಿ ಮರಿಕಲ್‌ನ ಖಂಡಪ್ಪ ಕೂತಿದ್ದ. ಅದೇ ಹುಣ್ಣು. ಅವನ ಉಸಿರು ಗರಗಸ ಎಳೆದಂತೆ ಒಳಗಿನವರೆಗೆ ಕೇಳುತ್ತಿತ್ತು. ಹೆಂಡತಿ ಆಶಮ್ಮ ಅವನ ಬೆನ್ನು ನೀವುತ್ತಿದ್ದಳು. ಕೊಯ್ಯದಿದ್ದರೆ ಸಾವು ಖಚಿತ. ಕೊಯ್ದರೆ ಬದುಕಬಲ್ಲನೇ? ಶರಣಯ್ಯ ಯಾಕೆ ಸತ್ತ ಎಂದು ತಿಳಿಯದೆ ಚಾಕು ಹಿಡಿಯುವ ಧೈರ್ಯ ಡಾಕ್ಟರಿಗಿರಲಿಲ್ಲ.

"ಇಲ್ಲಿಗೆ ನಾನಽ ಬಂದಿದ್ದೆರಿ" ಎಂದ, ಬಾಗಿಲಲ್ಲಿ ನಿಂತಿದ್ದ ಭೀಮಣ್ಣ. ಶರಣಯ್ಯನ ಅಣ್ಣ.

"ಆಗ ಒಳಗೆ ಇನ್ಯಾರಿದ್ದರು?"

"ಯಾರೂ ಇಲ್ರಿ. ಭಾವ ಬಂದಾಗ ತಮ್ಮನ ಹೆಂಡ್ತಿ ಎದುರಿಗೆ ಕೂಡ್ತಾಳೇನ್ರಿ? ಆಕಿ ಹೊರಗ ಹ್ವಾದ್ಲು. ನಾ ಹೊಂಟ ಮ್ಯಾಲೆ ಬಂದ್ಲು."

"ನಾನು ಹೇಳಿದ ಪಥ್ಯ?"

"ತಲಿಯಾಗ ಐತ್ರಿ. ಕಿಂಡಿ ತೆರೆದಿರಬೇಕು. ಧೂಳು, ನೊಣ ಹೋಗಬಾರದು. ಆಕಿಗೂ ಹೇಳೀನಿ, ಗ್ವಾಡಿ ಕಡೆ ಮಕ ಮಾಡಿ. 'ಅದರಾಗ ಧೂಳು ಗೀಳು ಬಿದ್ದೀತು, ಜ್ವಾಕಿ' ಅಂದೆ. ಗ್ವಾಡಿಗೆ ತಿಳೀತು, ಆಕಿಗೆ ತಿಳೀದಽ ಇರತೈತಾ?"

"ತಮ್ಮ ಬದುಕಿದ್ದು ನಿನಗೆ ಸಂತೋಷವಿತ್ತೇ?"

ಭೀಮಣ್ಣ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಎಂಥಾ ಸಂತೋಷರಿ? ಕೊಳ್ಳಾಗ ಕಿಂಡಿ, ಬಾಯಾಗ ಮಾತಿಲ್ಲ. ಮನ್ಯಾಗ ಮದುವಿಗೆ ಬಂದ ಹುಡಿಗಿ ಐತಿ. ಬೀಗರು ಬಂದು ಇವನ್ನ ನೋಡಿದ್ರ ಚಾ ಆರೂತನಕಾನೂ ಕೂಡಂಗಿಲ್ಲ."

"ಗಂಟಲು ಬಿಚ್ಚಿ ನೋಡಬೇಕು. ಹೆಣ ಇಲ್ಲೇ ಬಿಡು."

"ಲಿಂಗ ಕಟ್ಟಿದ ದೇಹ ಐತ್ರಿ ಅದು! ಜೀವ ಇದ್ದಾಗ ಕೊಯ್ದದ್ದು ಸಾಲಲಿಲ್ಲೇನು?"

ಆ ನಿರಾಕರಣೆಯೇ ಡಾಕ್ಟರಿಗೆ ಸಾಕ್ಷಿಯಾಯಿತು. ಅವನು ಪೊಲೀಸ್ ಅಮೀನನಿಗೆ ಹೇಳಿಕಳಿಸಿದ.

ಅಮೀನ ವೀಳ್ಯ ಜಗಿಯುತ್ತಲೇ ಬಂದ. "ಕ್ಯಾ ಭೀಮಣ್ಣ, ಸ್ವಂತ ತಮ್ಮನ್ನ ಖತಂ ಮಾಡಿದೆಯಾ?"

"ಇವ ಸತ್ರ ಚೊಲೊ ಅಂತ ಅನಿಸಿದ್ದು ಖರೆ, ಸಾಹೇಬ್ರ. ಆದ್ರ ಕೈ ಹಚ್ಚಿಲ್ಲ."

ಮಾತಿನ ಮೊದಲರ್ಧ ಅಮೀನನಿಗೆ ಸಾಕಾಗಿತ್ತು. ಭೀಮಣ್ಣನ ಕೈಗೆ ಹಗ್ಗ ಬಿತ್ತು. ತಮ್ಮನನ್ನು ಕುಳ್ಳಿರಿಸಿ ಮಣ್ಣು ಮಾಡುವಾಗ ಅವನು ಠಾಣೆಯ ಹವಾಲಾತಿನಲ್ಲಿದ್ದ. ಅಮೀನ ಎಳೆದೊಯ್ಯುವ ಮುಂಚೆ ವೀರಬಸಮ್ಮನ ಕಡೆ ಒಮ್ಮೆ ತಿರುಗಿದ್ದ. ಅವಳು ರೂಢಿಯಂತೆ ಸೆರಗು ಎಳೆದುಕೊಂಡು ಮುಖ ಮರೆಮಾಡಿದ್ದಳು.

ಡಾಕ್ಟರಿಗೆ ಎದೆಯ ಮೇಲಿನ ಕಲ್ಲು ಇಳಿಯಿತು. ಕೈ ತಪ್ಪಿರಲಿಲ್ಲ, ವಿದ್ಯೆಯೂ ತಪ್ಪಿರಲಿಲ್ಲ. ಕೊಂದದ್ದು ಮನುಷ್ಯ. ಅವನು ಪಡಸಾಲೆಗೆ ಹೋಗಿ ಖಂಡಪ್ಪನಿಗೆ ದಿನ ಗೊತ್ತುಮಾಡಿದ.

"ಅವರಿಗಾದಂಗ ನಮಗ ಆಗಂಗಿಲ್ಲಲ್ರಿ?" ಎಂದಳು ಆಶಮ್ಮ.

"ನಿನ್ನ ಗಂಡನಿಗೆ ಅಂಥ ಅಣ್ಣ ಇಲ್ಲವಲ್ಲ."

ನಿಜ. ಖಂಡಪ್ಪನ ಅಣ್ಣ ಪೆದ್ದಯ್ಯ ತಮ್ಮನಿಗಾಗಿ ಊಟ ಬಿಟ್ಟು ಕೂತವನು. ಶಸ್ತ್ರಕ್ರಿಯೆ ಹಿಂದೆಂದಿಗಿಂತ ಚೆನ್ನಾಗಿ ಆಯಿತು. ರಕ್ತ ಹೆಚ್ಚು ಹೋಗಲಿಲ್ಲ. ಜ್ವರ ಬರಲಿಲ್ಲ. ಗರಗಸ ನಿಂತಿತು. ನೋವಿನಲ್ಲಿ ಗಾಯ ಕಿತ್ತುಕೊಳ್ಳದಿರಲೆಂದು ಖಂಡಪ್ಪನ ಕೈಗಳನ್ನೂ ಮಂಚಕ್ಕೆ ಕಟ್ಟಿದರು. ಡಾಕ್ಟರ್ ಪೆದ್ದಯ್ಯನನ್ನು ಹೊರಗೆ ಕರೆದು ಪಥ್ಯ ಹೇಳಿದ, ತಿರುಗಿ ಅವನ ಬಾಯಿಂದಲೇ ಹೇಳಿಸಿದ. ಪೆದ್ದಯ್ಯ ಒಂದಕ್ಷರ ತಪ್ಪಲಿಲ್ಲ. ಆಮೇಲೆ ಎತ್ತುಗಳಿಗೆ ನೀರು ಕುಡಿಸಲು ಹೋದ. ಡಾಕ್ಟರ್ ಊಟಕ್ಕೆ ಹೋದ. ಮಂಚದ ಪಕ್ಕ ಆಶಮ್ಮ ಒಬ್ಬಳೇ ಉಳಿದಳು.

ಗಂಡನ ಕಂಬಳಿ ಒಯ್ಯಲು ಬಂದಿದ್ದ ವೀರಬಸಮ್ಮ ಅವಳ ಬದಿಗೆ ಬಂದು ಕೂತಳು. ಖಂಡಪ್ಪನ ಕೊರಳಿನಿಂದ ಸುಯ್ ಸುಯ್ ಎಂದು ಗಾಳಿ ಆಡುತ್ತಿತ್ತು. ವೀರಬಸಮ್ಮ ಅದನ್ನು ಕೇಳುತ್ತಾ ಕೇಳುತ್ತಾ ಆಶಮ್ಮನ ಕೈ ಹಿಡಿದುಕೊಂಡಳು.

"ಜೀವ ಸೋರಾಕತ್ತೈತಿ, ಯವ್ವಾ. ಬಟ್ಟಿಗೆ ಗಂಜಿ ಹಚ್ಚಿ ಈಗಽ ಗಟ್ಟಿ ಮುಚ್ಚಿಬಿಡು. ನಾನೂ ಹಂಗಽ ಮುಚ್ಚಿದೆ, ಆದ್ರ ತಡಾ ಮಾಡಿ ಕಳಕೊಂಡೆ."