ಸೇವೆ ಪಡೆದವರು: ಬಸವೇಶ್ವರಿ

"ಎರದಾಕಿ ನಾನು. ಸೇವಾ ಪಡದಾಕೀನೂ ನಾನ ಹ್ಯಾಂಗ ಆಗ್ತೇನಿ, ಕೇಳ್ರಿ ಆಕೀನ್ನ," ಎಂದು ಬಸವೇಶ್ವರಿ ಗಂಡನ ಮೊಣಕೈ ತಿವಿದಳು. ರೇಗನ್ಸ್‌ಬರ್ಗ್‌ನ ತೆರಿಗೆ ಕಚೇರಿಯ ಕೌಂಟರಿನ ಮೇಲೆ, ಅವಳ ಎದುರಿಗೇ, ಆ ನೋಟಿಸು ಬಿದ್ದಿತ್ತು. ಕಟ್ಟಬೇಕಾದದ್ದು ನಾನೂರಾ ಎರಡು ಯೂರೋ ಎಂಬತ್ತು ಸೆಂಟ್. ಸೇವೆ ಪಡೆದವರು: ಬಸವೇಶ್ವರಿ. ಶೈಲೇಶ ಗಂಟಲು ಸರಿಮಾಡಿಕೊಂಡು, ಹೆಂಡತಿಗೆ ಒಂದು ಸಣ್ಣ ಸಂಶಯವಿದೆ ಎಂದು ಕೌಂಟರಿನಾಚೆಯ ಹೆಂಗಸಿಗೆ ತನ್ನ ನಯವಾದ ಜರ್ಮನ್‌ನಲ್ಲಿ ಹೇಳಿದ.

ಅವಳ ಕೆಲಸ ಕೂಸುಗಳಿಗೆ ನೀರು ಎರೆಯುವುದು. ಬಾಣಂತಿಯ ಮನೆಗೆ ಹೋಗಿ, ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಎರೆದು, ಬಟ್ಟೆಯಲ್ಲಿ ಸುತ್ತಿ ತಾಯಿಯ ಕೈಗೆ ಕೊಡುವಳು. ಲೋಬಾನದ ಹೊಗೆಯೊಂದನ್ನು ಮಾತ್ರ ಇಲ್ಲಿಯ ಚಾವಣಿಯ ಅಲಾರಂ ಹಾಕಗೊಡಲಿಲ್ಲ. ಮೊದಮೊದಲು ನಮ್ಮ ಕಡೆಯವರು ಕರೆದರು, ಆಮೇಲೆ ಜರ್ಮನ್ ತಾಯಂದಿರೂ ಕರೆಯತೊಡಗಿದರು. ಅವರೆಲ್ಲ ಅವಳನ್ನು ಹುಡುಕುವುದು ಒಂದು ಆ್ಯಪಿನಲ್ಲಿ. ಅದರ ಕಂಪನಿ ಇರುವುದು ಬೇರೆ ದೇಶದಲ್ಲಿ. ಅಲ್ಲಿಯವರ ಮುಖ ಇವಳು ಕಂಡವಳಲ್ಲ, ಇವಳ ಕೈ ಅವರು ಕಂಡವರಲ್ಲ. ಒಂದು ಸಲ ಎರೆದರೆ ನಲವತ್ತು ಯೂರೋ, ಅದರಲ್ಲಿ ಹತ್ತು ಅವರಿಗೆ. ಹೋದ ವರ್ಷ ಇನ್ನೂರಾ ಹನ್ನೆರಡು ಸಲ ಎರೆದಿದ್ದಳು.

ತಪ್ಪು ಶೈಲೇಶನದು, ಅದನ್ನು ಅವನೇ ಒಪ್ಪಿಕೊಂಡಿದ್ದ. ಸಣ್ಣ ವ್ಯಾಪಾರದವರು ಗಿರಾಕಿಗಳಿಂದ ತೆರಿಗೆ ವಸೂಲು ಮಾಡಬೇಕಿಲ್ಲ ಎಂಬುದನ್ನು ಓದಿಕೊಂಡು, ಹಾಗಾದರೆ ನಮಗೂ ತೆರಿಗೆಗೂ ಸಂಬಂಧವೇ ಇಲ್ಲ ಎಂದು ತೀರ್ಮಾನಿಸಿದ್ದ. ಆ್ಯಪು ತೆರಿಗೆಯ ನಂಬರು ಕೇಳಿದಾಗ, ತರಿಸಿ ತುಂಬಿದವನೂ ಅವನೇ. ಕಂಪನಿಯ ಮುಂದಿನ ಬಿಲ್ಲಿನಲ್ಲಿ ತೆರಿಗೆಯ ಜಾಗದಲ್ಲಿ ಸೊನ್ನೆ ಬಂದಾಗ, ಅದನ್ನು ಹೆಂಡತಿಗೆ ತೋರಿಸಿ ಮೀಸೆ ತಿರುವಿದ್ದ. ಆ ಸೊನ್ನೆಯ ಕೆಳಗೆ, ಈ ತೆರಿಗೆಯನ್ನು ಸೇವೆ ಪಡೆದವರೇ ಕಟ್ಟತಕ್ಕದ್ದು ಎಂಬ ಸಾಲೊಂದು ಸಣ್ಣ ಅಕ್ಷರದಲ್ಲಿತ್ತು. ಕಾರ್ಖಾನೆಯಲ್ಲಿ ಬ್ರೇಕಿನ ಬಿಡಿಭಾಗಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಅಳೆಯುವ ಮನುಷ್ಯನಿಗೆ ಆ ಸಾಲು ಕಾಣಲಿಲ್ಲ.

ಕೌಂಟರಿನ ಹೆಂಗಸು ಕೆಟ್ಟವಳೇನಲ್ಲ. ಕನ್ನಡಕ ತೆಗೆದಿಟ್ಟು ನಿಧಾನವಾಗಿ ಬಿಡಿಸಿ ಹೇಳಿದಳು. ಗಿರಾಕಿ ಹುಡುಕಿಕೊಡುವುದು ಆ ಕಂಪನಿ ನಿಮಗೆ ಮಾಡುವ ಸೇವೆ. ಅವರು ಹಿಡಿದುಕೊಳ್ಳುವ ಹತ್ತು ಯೂರೋ ಆ ಸೇವೆಯ ಬೆಲೆ. ಅದರ ಮೇಲೆ ಇಲ್ಲಿ ನೂರಕ್ಕೆ ಹತ್ತೊಂಬತ್ತು ತೆರಿಗೆ ಇದೆ; ಕಂಪನಿ ಹೊರದೇಶದ್ದಾದ್ದರಿಂದ ಅದನ್ನು ನೀವು ಕಟ್ಟಬೇಕು. ದೊಡ್ಡ ವ್ಯಾಪಾರದವರು ಕಟ್ಟಿದ್ದನ್ನು ಮರಳಿ ಪಡೆಯುತ್ತಾರೆ, ನೀವು ಸಣ್ಣವರು, ನಿಮಗೆ ಆ ಅವಕಾಶವಿಲ್ಲ.

ಜರ್ಮನ್ ತಿಳಿಯುತ್ತಿದ್ದರೂ ಆಡಲು ಬಾರದ ಬಸವೇಶ್ವರಿಗೆ ಕೊನೆಯ ಮಾತಿಗೆ ಮೈ ಉರಿದುಹೋಯಿತು. "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದ್ರಂತ, ಹಂಗಾತು ಇದು. ಸಣ್ಣಾಕಿ ಅಂತ ಬಿಡೋದಿಲ್ಲ, ಸಣ್ಣಾಕಿ ಅಂತ ಹಿಡೀತಾರ. ಹೇಳ್ರಿ," ಎಂದಳು. ಶೈಲೇಶ, ನಿಯಮ ಸ್ವಲ್ಪ ಕಠಿಣವಾಗಿದೆ ಎಂದು ನಮ್ಮವಳ ಅಭಿಪ್ರಾಯ ಎಂದ. ಹೆಂಗಸು ತಲೆಯಾಡಿಸಿದಳು. ನಾಲ್ಕು ವಾಕ್ಯದ ಸಿಟ್ಟು ಜರ್ಮನ್‌ಗೆ ಹೋಗುವಷ್ಟರಲ್ಲಿ ಅರ್ಧ ವಾಕ್ಯವಾಗುವುದನ್ನು ಬಸವೇಶ್ವರಿ ಒಂಬತ್ತು ವರ್ಷದಿಂದ ನೋಡುತ್ತ ಬಂದಿದ್ದಳು.

ಅವನ ಕೋಟಿನ ಒಳಕಿಸೆಯಲ್ಲಿ ಇನ್ನೊಂದು ಕಾಗದವಿರುವುದೂ ಅವಳಿಗೆ ಗೊತ್ತಿತ್ತು. ವ್ಯಾಪಾರ ಮುಚ್ಚುತ್ತೇನೆಂದು ಊರಾಡಳಿತಕ್ಕೆ ಕೊಡುವ ಫಾರ್ಮು, ಪೂರ್ತಿ ತುಂಬಿದ್ದು, ಇವಳದೊಂದು ಸಹಿ ಬಾಕಿ. "ಯಾಕ ಬೇಕು ಈ ತ್ರಾಸು, ನನ್ನ ಪಗಾರ ಸಾಲೂದಿಲ್ಲೇನು? ಮುಚ್ಚಿಬಿಡೂನು," ಎಂದು ಬೆಳಿಗ್ಗೆಯೇ ಹೇಳಿದ್ದ. ವೀಸಾದಿಂದ ಹಿಡಿದು ಬಾಡಿಗೆ ಮನೆಯವರೆಗೆ ಈ ದೇಶದ ಎಲ್ಲ ಕಾಗದಗಳಲ್ಲಿ ಅವಳು ಶೈಲೇಶನ ಹೆಂಡತಿ. ಬರೀ ಬಸವೇಶ್ವರಿ ಎಂದು ಬರೆದದ್ದು ಈ ಕೆಲಸದ ಕಾಗದಗಳಲ್ಲಿ ಮಾತ್ರ. ಅದನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಅವತ್ತು ಅವಳು ಬಾಣಂತಿ ನಿಶ್ಚಿತಾಳ ಮನೆಯಿಂದ ನೇರವಾಗಿ ಬಂದಿದ್ದಳು. ಕೂಸಿಗೆ ನಲವತ್ತು ದಿನ ತುಂಬಿ, ಕೊನೆಯ ಎರೆತ ಮುಗಿದಿತ್ತು. ಇಂಥ ದಿನ ಎರೆದವಳಿಗೆ ಸೆರಗಿನ ಮಡಿಲಿಗೆ ಅಕ್ಕಿ, ಕಾಯಿ, ಕುಪ್ಪಸದ ಖಣ ಇಟ್ಟು ಉಡಿ ತುಂಬಿ ಕಳಿಸುವುದು ವಾಡಿಕೆ. ತುಂಬಿಸಿಕೊಂಡವಳು ಅದರಲ್ಲಿ ಐದು ಕಾಳು ಅಕ್ಕಿಯನ್ನು ಕೊಟ್ಟವರ ತಟ್ಟೆಗೆ ತಿರುಗಿ ಹಾಕಬೇಕು. ಕೊಟ್ಟ ಮನೆ ಬರಿದಾಗಬಾರದು ಎಂದು. ಹಾಗೇ ಹಾಕಿ ಬಂದಿದ್ದಳು. ಉಡಿಯ ಅಕ್ಕಿ ಈಗ ಅವಳ ಬಟ್ಟೆಯ ಚೀಲದಲ್ಲಿತ್ತು.

ಬಸವೇಶ್ವರಿ ಚೀಲದೊಳಗೆ ಕೈ ಹಾಕಿ, ಐದೇ ಐದು ಕಾಳು ಆರಿಸಿ, ನೋಟಿಸಿನ ಪಕ್ಕದಲ್ಲಿ ಇಟ್ಟಳು.

"ರೊಕ್ಕ ಕಟ್ಟತೇನಿ ಅಂತ ಹೇಳ್ರಿ. ಆದ್ರ ಆ ಕಂಪನಿಯವರು ಇನ್ನೂರಾ ಹನ್ನೆರಡು ಸಲ ನನ್ನ ಕಡಿಂದ ಉಡಿ ತುಂಬಿಸಿಕೊಂಡಾರ. ಒಂದು ಸಲನೂ ಐದು ಕಾಳು ತಿರುಗಿ ಹಾಕಿಲ್ಲ. ಅವರ ತೆರಿಗಿ ನಾ ಕಟ್ಟತೇನಿ. ಅವರು ಹಾಕಬೇಕಾದ ಕಾಳೂ ನನ್ನ ತಾಟಿಗೆ ನಾನ ಹಾಕ್ಕೋಬೇಕೇನು, ಕೇಳ್ರಿ. ಈ ಸಲ ಒಂದು ಮಾತೂ ಬಿಡಬ್ಯಾಡ್ರಿ."

ಶೈಲೇಶ ಕಾಳುಗಳನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಹೇಳತೊಡಗಿದ. ಉಡಿ ಎಂದರೇನು, ಐದು ಕಾಳು ಯಾಕೆ ಎಂಬುದನ್ನೂ ಸೇರಿಸಿ ಹೇಳಿದ. ಎತ್ತು ಎಮ್ಮೆಯ ಮಾತು ಬಿಟ್ಟುಹೋಗಿತ್ತು. ಹಿಂದಕ್ಕೆ ಹೋಗಿ ಅದನ್ನೂ ಹೇಳಿದ. ದನಿ ಒಂದಿಷ್ಟು ಏರಿತು, ಪಕ್ಕದ ಕೌಂಟರಿನವರು ತಿರುಗಿ ನೋಡಿದರು, ಆದರೂ ತಗ್ಗಿಸಲಿಲ್ಲ.

ಹೆಂಗಸು ಮತ್ತೆ ಕನ್ನಡಕ ಹಾಕಿಕೊಂಡು ತನ್ನ ಮುಂದಿನ ಕಾಗದ ತಿರುವಿ ನೋಡಿದಳು. ಇದನ್ನು ಬರೆದುಕೊಳ್ಳಲು ನನ್ನ ಫಾರ್ಮಿನಲ್ಲಿ ಜಾಗವಿಲ್ಲ ಎಂದಳು.

ಶೈಲೇಶ ಒಳಕಿಸೆಯಿಂದ ವ್ಯಾಪಾರ ಮುಚ್ಚುವ ಆ ಕಾಗದ ತೆಗೆದ. ಸಹಿಗೆ ಕೇಳುತ್ತಾನೆಂದು ಬಸವೇಶ್ವರಿ ಮುಖ ಬಿಗಿದುಕೊಂಡಳು. ಅವನು ಅದನ್ನು ಕೌಂಟರಿನ ಮೇಲೆ ಹರಡಿ, ಐದೂ ಕಾಳುಗಳನ್ನು ಬೆರಳಿನಿಂದ ಅದರೊಳಕ್ಕೆ ಸರಿಸಿ, ನಾಲ್ಕೂ ಮೂಲೆ ಮಡಚಿ ಪೊಟ್ಟಣ ಕಟ್ಟಿ ಅವಳ ಕೈಗಿಟ್ಟ.